ಹೊಸ ಬಡಾವಣೆಯಲ್ಲಿ ಮೊದಲು ಸೈಟೋ, ಮೊದಲು ಮನೆಯೋ?

ಪ್ರಶ್ನೆ: ಹೊಸ ಬಡಾವಣೆಯೊಂದರಲ್ಲಿ ಸೈಟ್ ಮತ್ತು ಮನೆ ಎರಡನ್ನೂ ಒಟ್ಟಿಗೆ ಕೊಳ್ಳಲು ಹೊರಟಿದ್ದೇವೆ. ಮೂರು ಸೈಟ್ ಖಾಲಿ ಇವೆ. ಒಂದು ಮೂಲೆ ಸೈಟ್. ಎರಡನೆಯದು ಬಡಾವಣೆಯ ಹೊಂಡದ ಪಕ್ಕದಲ್ಲಿದೆ. ನೋಟ ಬಹಳ ಚೆನ್ನಾಗಿದೆ, ಆದರೆ ರಸ್ತೆಗಿಂತ ತಗ್ಗು. ಮೂರನೆಯದು ಮಧ್ಯದ ಸಾಲಿನಲ್ಲಿದೆ, ನೋಡಲು ವಿಶೇಷ ಏನಿಲ್ಲ. ಮಾದರಿ ಮನೆಯೊಂದು ನಮ್ಮಿಬ್ಬರಿಗೂ ಹಿಡಿಸಿದೆ. ಮಾರಾಟದವರು ‘ಮೊದಲು ಮನೆ ಆರಿಸಿ, ಸೈಟ್ ಯಾವುದಾದರೂ ನಡೆಯುತ್ತೆ’ ಅನ್ನುತ್ತಿದ್ದಾರೆ. ಹಾಗೆ ಮಾಡಬಹುದೇ? ಸೈಟ್ ನೋಡುವಾಗ ಏನು ಗಮನಿಸಬೇಕು? ಮಾದರಿ ಮನೆಯಲ್ಲಿ ತೋರಿಸಿದ ಹೆಚ್ಚುವರಿಗಳಲ್ಲಿ ಯಾವುದಕ್ಕೆ ದುಡ್ಡು ಹಾಕಬೇಕು?

ಉತ್ತರ: ಮೊದಲು ಸೈಟ್ ಆರಿಸಿ, ಆಮೇಲೆ ಮನೆ. ಇದರಲ್ಲಿ ನನ್ನದು ಎರಡು ಮಾತಿಲ್ಲ. ಮನೆಯ ಗೋಡೆ ಒಡೆಯಬಹುದು, ಕಿಟಕಿ ದೊಡ್ಡದು ಮಾಡಬಹುದು, ಅಡುಗೆಮನೆಯನ್ನೇ ಬೇರೆ ಕಡೆಗೆ ಸಾಗಿಸಬಹುದು. ನೆಲದ ಇಳಿಜಾರು, ಹೊತ್ತು ಮುಳುಗುವ ದಿಕ್ಕು, ಪಕ್ಕದ ಸೈಟಿನ ಎತ್ತರ, ಇವು ಮಾತ್ರ ಎಷ್ಟು ದುಡ್ಡು ಸುರಿದರೂ ಬದಲಾಗುವುದಿಲ್ಲ. ಮಾರಾಟದವರು ಮನೆಯನ್ನು ಮೊದಲು ತೋರಿಸುವುದಕ್ಕೆ ಕಾರಣವಿದೆ. ಮನಸ್ಸು ಮನೆಯ ಮೇಲೆ ಕೂತುಬಿಟ್ಟರೆ ಸೈಟ್ ಬಗ್ಗೆ ಪ್ರಶ್ನೆ ಕೇಳುವುದು ತಾನಾಗಿ ಕಡಿಮೆಯಾಗುತ್ತದೆ. ಯಾರೂ ಬೇಡ ಅಂದ ಸೈಟ್‌ಗಳೂ ಆಗ ಸಲೀಸಾಗಿ ಕೈ ದಾಟುತ್ತವೆ.

ಸೈಟ್ ನೋಡುವಾಗ ಗಮನಿಸಲು ನೂರೆಂಟು ವಿಷಯ ಇವೆ. ಆದರೆ ನನ್ನ ಲೆಕ್ಕದಲ್ಲಿ ಅರ್ಧ ತೀರ್ಮಾನ ಒಂದೇ ಪ್ರಶ್ನೆಯಲ್ಲಿ ಆಗಿಬಿಡುತ್ತದೆ. ಜೋರು ಮಳೆ ಬಂದಾಗ ಈ ಜಾಗಕ್ಕೆ ನೀರು ಎಲ್ಲಿಂದ ಬರುತ್ತದೆ, ಇಲ್ಲಿಂದ ಎಲ್ಲಿಗೆ ಹೋಗುತ್ತದೆ? ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 30 ಅಡಿಗೆ 40 ಅಡಿಯ ಸೈಟ್ ಅಂದರೆ ಸುಮಾರು 111 ಚದರ ಮೀಟರ್. ಒಂದು ಸಂಜೆ 50 ಮಿಲಿಮೀಟರ್ ಮಳೆ ಹೊಡೆದರೆ ನಿಮ್ಮ ಸೈಟಿನ ಮೇಲೇ ಸುಮಾರು 5,500 ಲೀಟರ್ ನೀರು ಬೀಳುತ್ತದೆ. ಸೈಟ್ ತಗ್ಗಿನಲ್ಲಿದ್ದರೆ ಮೇಲಿನ ನಾಲ್ಕು ಸೈಟ್‌ಗಳ ನೀರು, ರಸ್ತೆಯ ನೀರು ಎಲ್ಲ ಅದಕ್ಕೆ ಸೇರಿಕೊಳ್ಳುತ್ತದೆ. ಖಾಲಿ ನೆಲ ಇದ್ದಾಗ ಒಂದಿಷ್ಟು ಇಂಗುತ್ತಿತ್ತು. ಸುತ್ತ ಮನೆ ಎದ್ದು, ಅಂಗಳಕ್ಕೆ ಕಾಂಕ್ರೀಟ್ ಬಿದ್ದ ಮೇಲೆ ಬಹುಪಾಲು ಹರಿದೇ ಬರುತ್ತದೆ. ಹಾಗಾಗಿ ‘ಹೋದ ಮಳೆಗಾಲದಲ್ಲಿ ಇಲ್ಲಿ ನೀರು ನಿಂತಿರಲಿಲ್ಲ’ ಅನ್ನುವ ಮಾತು ಅಂದಿನ ಖಾಲಿ ಬಡಾವಣೆಯ ಬಗ್ಗೆ ಅಷ್ಟೇ. ತುಂಬಿದ ಬಡಾವಣೆಯಲ್ಲಿ ಏನಾಗುತ್ತದೆ ಎಂದು ಅದರಿಂದ ಗೊತ್ತಾಗುವುದಿಲ್ಲ.

ಮಳೆ ಬರುವಾಗಲೇ, ಇಲ್ಲವೇ ನಿಂತ ಅರ್ಧ ಗಂಟೆಯೊಳಗೆ ಹೋಗಿ ನೋಡಿ. ಛತ್ರಿ ಹಿಡಿದು ಸೈಟಿನ ಹಿಂದಿನ ಮೂಲೆವರೆಗೂ ನಡೆಯಿರಿ. ಎಲ್ಲಿ ಕಾಲು ಹೂತುಕೊಳ್ಳುತ್ತದೆ? ಕಸಕಡ್ಡಿ ಎಲ್ಲಿ ಬಂದು ಸಾಲಾಗಿ ನಿಂತಿದೆ? ಮಣ್ಣಿನಲ್ಲಿ ನೀರು ಕೊರೆದ ಸಣ್ಣ ಕಾಲುವೆಗಳು ಯಾವ ಕಡೆಗೆ ಮುಖ ಮಾಡಿವೆ? ಮಳೆ ಇಲ್ಲದ ಕಾಲವಾದರೂ ಈ ಗುರುತುಗಳು ಉಳಿದಿರುತ್ತವೆ. ಒಣಗಿ ಹೆಕ್ಕಳಿಸಿದ ಕೆಸರಿನ ಪದರ, ಒಂದೇ ಕಡೆ ಹಸಿರಾಗಿ ಬೆಳೆದ ಜೊಂಡು ಹುಲ್ಲು, ಪಕ್ಕದ ಕಾಂಪೌಂಡಿನ ಮೇಲೆ ಅಡ್ಡಕ್ಕೆ ಎಳೆದಂತಿರುವ ಕಂದು ಗೆರೆ. ಆ ಗೆರೆ ಕಂಡರೆ ಅಳತೆಪಟ್ಟಿ ಹಿಡಿದು ನೆಲದಿಂದ ಎಷ್ಟು ಎತ್ತರ ಇದೆ ನೋಡಿಕೊಳ್ಳಿ. ನೀರು ಅಲ್ಲಿಯವರೆಗೆ ಬಂದಿತ್ತು ಅಂತ ಅದೇ ಹೇಳುತ್ತದೆ.

ಇನ್ನು ಕಾಗದದಲ್ಲಿ ನೋಡಬೇಕಾದದ್ದು. ಬಣ್ಣಬಣ್ಣದ ಬ್ರೋಷರ್ ಪಕ್ಕಕ್ಕಿಡಿ. ಎಂಜಿನಿಯರ್ ಮಾಡಿದ ಲೆವೆಲ್ ನಕ್ಷೆ ಕೇಳಿ. ಪ್ರತಿ ಸೈಟಿನ ಮೂಲೆಯಲ್ಲೂ ಸಾಮಾನ್ಯವಾಗಿ ಎರಡು ಅಂಕಿ ಇರುತ್ತವೆ. ಒಂದು ಮೂಲ ನೆಲದ ಮಟ್ಟ, ಇನ್ನೊಂದು ಕೆಲಸ ಮುಗಿದ ಮೇಲಿನ ಮಟ್ಟ. ಎಡ ಮೂಲೆಯಲ್ಲಿ ಮೂಲ ಮಟ್ಟ 98.20, ಮುಗಿದ ಮಟ್ಟ 99.70 ಎಂದಿದೆ ಅಂದುಕೊಳ್ಳಿ. ಅಲ್ಲಿ ಒಂದೂವರೆ ಮೀಟರ್ ಮಣ್ಣು ತುಂಬಿದ್ದಾರೆ. ಬಲ ಮೂಲೆಯಲ್ಲಿ 100.10 ಇದ್ದದ್ದು 99.80 ಆಗಿದ್ದರೆ ಅಲ್ಲಿ 30 ಸೆಂಟಿಮೀಟರ್ ಅಗೆದು ತೆಗೆದಿದ್ದಾರೆ. ಕಣ್ಣಿಗೆ ಸೈಟ್ ಸಪಾಟಾಗಿ ಕಾಣುತ್ತದೆ. ಆದರೆ ಅದರ ಮೇಲೆ ನಿಲ್ಲುವ ಮನೆಯ ಅರ್ಧ ಭಾಗ ಗಟ್ಟಿ ನೆಲದ ಮೇಲೆ, ಉಳಿದರ್ಧ ತುಂಬಿದ ಮಣ್ಣಿನ ಮೇಲೆ. ತುಂಬಿದ ಕಡೆ ಕುಸಿದು ಅಗೆದ ಕಡೆ ಹಾಗೇ ಉಳಿದರೆ ಕಿಟಕಿ ಬಾಗಿಲುಗಳ ಮೂಲೆಯಿಂದ ಗೋಡೆ ಓರೆಯಾಗಿ ಬಿರುಕು ಬಿಡುತ್ತದೆ. ಇಡೀ ಮನೆ ಒಂದೇ ಸಮ ಒಂದಿಷ್ಟು ಇಳಿದರೆ ಅಷ್ಟು ತೊಂದರೆಯಿಲ್ಲ. ಒಂದು ಕಡೆ ಮಾತ್ರ ಇಳಿಯುವುದೇ ಅಪಾಯ.

ಮಣ್ಣು ತುಂಬಿದ್ದಾರೆ ಅಂದ ಮಾತ್ರಕ್ಕೆ ಸೈಟ್ ಕೆಟ್ಟದ್ದು ಅಂತಲ್ಲ. ಹೇಗೆ ತುಂಬಿದರು ಅನ್ನುವುದು ಮುಖ್ಯ. ಲಾರಿಯಿಂದ ಸುರಿದು ಮೇಲ್ಮೈ ಮಾತ್ರ ಸವರಿದರೆ ಅದು ವರ್ಷಗಟ್ಟಲೆ ಕೂರುತ್ತಲೇ ಇರುತ್ತದೆ. ಸರಿಯಾದ ಕ್ರಮ ಬೇರೆ. 15–20 ಸೆಂಟಿಮೀಟರ್ ಪದರ ಹರಡಬೇಕು, ಹದ ನೋಡಿ ನೀರು ಹಾಕಬೇಕು, ರೋಲರ್ ಓಡಿಸಬೇಕು, ಪರೀಕ್ಷೆ ಮಾಡಿ ಮುಂದಿನ ಪದರಕ್ಕೆ ಹೋಗಬೇಕು. ರಾಲ್ಫ್ ಪ್ರಾಕ್ಟರ್ ಎಂಬ ಎಂಜಿನಿಯರ್ 1933ರಲ್ಲಿ ಇದಕ್ಕೊಂದು ಪರೀಕ್ಷೆ ಕೊಟ್ಟರು. ಪ್ರತಿ ಮಣ್ಣಿಗೂ ಒಂದು ಹದದ ತೇವ ಇರುತ್ತದೆ, ಆ ತೇವದಲ್ಲಿ ದಮ್ಮಸು ಮಾಡಿದರೆ ಅದು ಅತಿ ಹೆಚ್ಚು ಗಟ್ಟಿಯಾಗುತ್ತದೆ. ಇವತ್ತಿಗೂ ಮನೆ ಕಟ್ಟುವ ಜಾಗಕ್ಕೆ ಆ ಗರಿಷ್ಠ ಸಾಂದ್ರತೆಯ 95 ಶೇಕಡಾ ಬರಬೇಕು ಅನ್ನುವುದು ಸಾಮಾನ್ಯ ಷರತ್ತು. ‘ನಮ್ಮ ಸೈಟಿನ ದಮ್ಮಸು ಪರೀಕ್ಷೆಯ ವರದಿ ಕೊಡಿ’ ಅಂತ ಕೇಳಿ. ಸರಿಯಾಗಿ ಕೆಲಸ ಮಾಡಿದವರ ಹತ್ತಿರ ಅದು ಇದ್ದೇ ಇರುತ್ತದೆ. ಸುಮ್ನೆ ಮಾತು ತೇಲಿಸಿದರೆ ಅದನ್ನೇ ಉತ್ತರ ಅಂದುಕೊಳ್ಳಿ.

ಮೂಲ ಮಣ್ಣು ಯಾವುದು ಅಂತಲೂ ತಿಳಿಯಬೇಕು. ಜೇಡಿ ಜಾಸ್ತಿ ಇರುವ ಮಣ್ಣು ಒದ್ದೆಯಾದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಎರೆಮಣ್ಣಿನಲ್ಲಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವುದು ಇದಕ್ಕೇ. ಹಗುರ ಅಡಿಪಾಯವನ್ನು ಇಂಥ ಮಣ್ಣು ಎತ್ತಿ ಇಳಿಸಿ ಸಡಿಲ ಮಾಡಿಬಿಡುತ್ತದೆ. ನೀವೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಅರ್ಧ ಅಡಿ ಕೆಳಗಿನ ಮಣ್ಣು ಒಂದು ಹಿಡಿ ತೆಗೆಯಿರಿ. ಕಲ್ಲು ಆರಿಸಿ, ನೀರು ಚಿಮುಕಿಸಿ ಚೆನ್ನಾಗಿ ನಾದಿ. ಹೆಬ್ಬೆರಳು ತೋರುಬೆರಳ ನಡುವೆ ಒತ್ತುತ್ತಾ ಪಟ್ಟಿಯಂತೆ ಹೊರಗೆ ತಳ್ಳಿ. ಎರಡೂವರೆ ಸೆಂಟಿಮೀಟರ್ ಆಗುವ ಮುಂಚೆಯೇ ಮುರಿದು ಬಿದ್ದರೆ ಜೇಡಿ ಕಡಿಮೆ. ಐದು ಸೆಂಟಿಮೀಟರ್ ದಾಟಿದರೂ ಮುರಿಯದೆ ಜೋತಾಡಿದರೆ ಜೇಡಿ ಜೋರಾಗಿದೆ. ಅಂಥ ಕಡೆ ಮಣ್ಣು ಪರೀಕ್ಷೆಯ ವರದಿ ನೋಡದೆ, ಅಡಿಪಾಯ ಅದಕ್ಕೆ ತಕ್ಕ ಹಾಗೆ ಮಾಡಿದ್ದಾರಾ ಎಂದು ಎಂಜಿನಿಯರ್ ಒಬ್ಬರಿಂದ ಕೇಳಿಸದೆ ಮುಂದುವರಿಯಬೇಡಿ.

ಆ ಜಾಗ ಮೊದಲು ಏನಾಗಿತ್ತು ಎಂದು ತಿಳಿಯಲು ಈಗ ಕಷ್ಟವಿಲ್ಲ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಉಪಗ್ರಹ ಚಿತ್ರ ತೆರೆದು ಹಿಂದಕ್ಕೆ ಹೋಗುತ್ತಾ ನೋಡಿ. ನಿಮ್ಮ ಸೈಟ್ ಇರುವಲ್ಲಿ ಹಿಂದೆ ಹಳ್ಳ, ಕುಂಟೆ, ಕಲ್ಲು ಕ್ವಾರಿ, ಕಸ ಸುರಿಯುವ ಗುಂಡಿ ಇತ್ತಾ? ಹಳ್ಳ ಮುಚ್ಚಿದರೂ ನೀರು ತನ್ನ ಹಳೇ ದಾರಿ ಮರೆಯುವುದಿಲ್ಲ. ಮೇಲಿನಿಂದ ಹರಿದು ಬರುವ ನೆಲ ಹಾಗೇ ಇದೆಯಲ್ವಾ?

ಈಗ ನಿಮ್ಮ ಹೊಂಡದ ಪಕ್ಕದ ಸೈಟ್. ಈ ಹೊಂಡಗಳನ್ನು ಅಂದಕ್ಕೆ ತೋಡುವುದು ಕಡಿಮೆ. ಬಡಾವಣೆಯ ಮಳೆನೀರು ಒಂದೇ ಸಲ ಹೊರಗೆ ನುಗ್ಗದಂತೆ ತಡೆದು ನಿಲ್ಲಿಸುವುದು ಅದರ ಕೆಲಸ. ಅಂದರೆ ಇಡೀ ಬಡಾವಣೆಯ ತಗ್ಗು ಜಾಗ ಅದೇ. ಕೇಳಬೇಕಾದದ್ದು ಮೂರು ಅಂಕಿ: ಹೊಂಡದ ಅತಿ ಹೆಚ್ಚು ನೀರಿನ ಮಟ್ಟ, ತುಂಬಿ ಹೊರಚೆಲ್ಲುವ ಕೋಡಿಯ ಮಟ್ಟ, ನಿಮ್ಮ ಮನೆಯ ನೆಲದ ಮಟ್ಟ. ಮನೆಯ ನೆಲ ಅತಿ ಹೆಚ್ಚು ನೀರಿನ ಮಟ್ಟಕ್ಕಿಂತ ಕನಿಷ್ಠ 30 ಸೆಂಟಿಮೀಟರ್ ಮೇಲಿರಬೇಕು. 60 ಇದ್ದರೆ ನನಗೆ ಸಮಾಧಾನ. ಕೋಡಿ ಬಿದ್ದ ನೀರು ಹೋಗುವ ದಾರಿ ನಿಮ್ಮ ಅಂಗಳದ ಮೇಲೆ ಹಾಯುತ್ತದಾ ಅಂತಲೂ ನೋಡಿ.

‘ನೂರು ವರ್ಷಕ್ಕೊಮ್ಮೆ ಬರುವ ನೆರೆಗೂ ಇದು ತಡೆಯುತ್ತದೆ’ ಅಂತ ಮಾರಾಟದವರು ಹೇಳಬಹುದು. ಜನ ಇದನ್ನು ತಪ್ಪಾಗಿ ತಿಳಿಯುತ್ತಾರೆ. ಒಮ್ಮೆ ಬಂದರೆ ಇನ್ನು ನೂರು ವರ್ಷ ಬರುವುದಿಲ್ಲ ಎಂದು ಇದರ ಅರ್ಥ ಅಲ್ಲ. ಪ್ರತಿ ವರ್ಷವೂ ಬರುವ ಸಾಧ್ಯತೆ 1 ಶೇಕಡಾ ಎಂದು ಅರ್ಥ. 30 ವರ್ಷ ಅದೇ ಮನೆಯಲ್ಲಿದ್ದರೆ ಅಂಥದ್ದು ಒಮ್ಮೆಯಾದರೂ ಎದುರಾಗುವ ಸಾಧ್ಯತೆ ಸುಮಾರು 26 ಶೇಕಡಾ. ಸಾಲ ತೀರಿಸುವಷ್ಟು ಕಾಲದಲ್ಲಿ ನಾಲ್ಕರಲ್ಲಿ ಒಂದು. ಸಣ್ಣದಲ್ಲ. ಸೊಳ್ಳೆಯ ವಿಷಯವೂ ಇದೆ. ಬೆಚ್ಚಗಿನ ಹವೆಯಲ್ಲಿ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಒಂದು ವಾರದಿಂದ ಹತ್ತು ದಿನ ಸಾಕು. ಮಳೆ ನಿಂತ ಮೂರು ದಿನದೊಳಗೆ ಪೂರ್ತಿ ಖಾಲಿಯಾಗುವ ಹೊಂಡದಲ್ಲಿ ಅದಕ್ಕೆ ಅವಕಾಶವಿಲ್ಲ. ಯಾವಾಗಲೂ ನೀರಿರುವ ಹೊಂಡವಾದರೆ ಅದನ್ನು ಶುಚಿಯಾಗಿ ಇಡುವವರು ಯಾರು, ಹೂಳು ಎತ್ತುವ ಖರ್ಚು ಯಾರ ತಲೆ ಮೇಲೆ ಅಂತ ಬರವಣಿಗೆಯಲ್ಲಿ ಕೇಳಿ. ಮಕ್ಕಳಿದ್ದರೆ ಬೇಲಿಯ ಬಗ್ಗೆಯೂ ಕೇಳಿ.

ಸೈಟ್ ರಸ್ತೆಗಿಂತ ತಗ್ಗಿದೆ ಅಂದಿರಿ. ಇದರಲ್ಲಿ ಇನ್ನೊಂದು ತೊಂದರೆ ಇದೆ, ಅದು ಕಣ್ಣಿಗೆ ಬೀಳುವುದಿಲ್ಲ. ರಸ್ತೆಯ ಒಳಚರಂಡಿ ಕಟ್ಟಿಕೊಂಡರೆ ಕೊಳಚೆ ಹಿಂದಕ್ಕೆ ಏರುತ್ತದೆ, ಎಲ್ಲಿ ಮೊದಲು ಬಾಯಿ ಸಿಕ್ಕುತ್ತದೋ ಅಲ್ಲಿ ಹೊರಗೆ ಬರುತ್ತದೆ. ನಿಮ್ಮ ಬಚ್ಚಲಿನ ನೆಲ, ಕೊಳಚೆ ಹರಿದು ಬರುವ ಕಡೆಯ ಮ್ಯಾನ್‌ಹೋಲ್ ಮುಚ್ಚಳಕ್ಕಿಂತ ಎತ್ತರದಲ್ಲಿದ್ದರೆ ಕೊಳಚೆ ರಸ್ತೆಯಲ್ಲಿ ಉಕ್ಕುತ್ತದೆ. ತಗ್ಗಿನಲ್ಲಿದ್ದರೆ ನಿಮ್ಮ ಬಚ್ಚಲಲ್ಲೇ ಉಕ್ಕುತ್ತದೆ. ತಗ್ಗು ಸೈಟ್ ತೆಗೆದುಕೊಳ್ಳಲೇಬೇಕು ಅಂದರೆ ಹಿಂದಕ್ಕೆ ಬರುವ ನೀರನ್ನು ತಡೆಯುವ ವಾಲ್ವ್ ಹಾಕಿಸಿ. ಅದನ್ನು ಆಗಾಗ ಬಿಚ್ಚಿ ಶುಚಿ ಮಾಡುವಷ್ಟು ಜಾಗವೂ ಇರಲಿ.

ಮನೆಯನ್ನು ಎತ್ತರಿಸಿದರೆ ಆಯ್ತಲ್ಲ ಅಂತೀರಾ? ಆಗಬಹುದು, ಆದರೆ ಕಾರು ಹತ್ತಬೇಕು. ಗೇಟಿನಿಂದ ಕಾರು ನಿಲ್ಲಿಸುವ ಜಾಗಕ್ಕೆ ಆರು ಮೀಟರ್ ಇದ್ದು ನೆಲ ರಸ್ತೆಗಿಂತ 90 ಸೆಂಟಿಮೀಟರ್ ಎತ್ತರವಾದರೆ ಇಳಿಜಾರು 15 ಶೇಕಡಾ. ಅದಕ್ಕಿಂತ ಕಡಿದಾದರೆ ಕಾರಿನ ಹೊಟ್ಟೆ ತಿರುವಿನಲ್ಲಿ ತಾಗುತ್ತದೆ, ಒದ್ದೆ ನೆಲದಲ್ಲಿ ವಯಸ್ಸಾದವರು ನಡೆಯುವುದು ಕಷ್ಟ. ಯಾವ ಸೈಟ್ ಆದರೂ ಒಂದು ಅಳತೆ ಮಾತ್ರ ಬಿಡಬೇಡಿ. ಗೋಡೆಯಿಂದ ಹೊರಕ್ಕೆ ಮೊದಲ ಮೂರು ಮೀಟರಿನಲ್ಲಿ ನೆಲ 15 ಸೆಂಟಿಮೀಟರ್ ಇಳಿಯಬೇಕು. ಅಷ್ಟು ಜಾಗ ಇಲ್ಲದ ಪಕ್ಕಗಳಲ್ಲಿ ಸಣ್ಣ ಕಾಲುವೆ ಮಾಡಿ ನೀರನ್ನು ಮುಂದಕ್ಕೆ ಒಯ್ಯಬೇಕು. ಈ ಇಳಿಜಾರನ್ನು ಹೂಗಿಡದ ಪಾತಿ, ಕಟ್ಟೆ ಕಟ್ಟಿ ಕೆಡಿಸುವುದು ಬಹಳ ಮನೆಗಳಲ್ಲಿ ಕಾಣುತ್ತದೆ. ಗೋಡೆ ಬುಡದಲ್ಲಿ ನೀರು ನಿಲ್ಲಿಸುವ ಯಾವ ಅಲಂಕಾರವೂ ಬೇಡ.

ನೀರಿನ ಮಾತು ಉದ್ದವಾಯಿತು. ಅದಕ್ಕೆ ಅಷ್ಟು ತೂಕ ಇದೆ. ಇನ್ನು ಬಿಸಿಲು.

ಮೊಬೈಲ್‌ನ ದಿಕ್ಸೂಚಿ ಹಿಡಿದು ಸೈಟಿನ ಮುಂಭಾಗ ಯಾವ ದಿಕ್ಕು ಅಂತ ಗುರುತು ಮಾಡಿಕೊಳ್ಳಿ. ಆಮೇಲೆ ಮಾದರಿ ಮನೆಯ ನಕ್ಷೆಯನ್ನು ಅದೇ ದಿಕ್ಕಿಗೆ ತಿರುಗಿಸಿ ಇಟ್ಟು ನೋಡಿ. ಮಾದರಿ ಮನೆಯಲ್ಲಿ ಬೆಳಗಿನ ಬಿಸಿಲು ಬರುತ್ತಿದ್ದ ಅಡುಗೆಮನೆ ನಿಮ್ಮ ಸೈಟಿನಲ್ಲಿ ಪಡುವಣಕ್ಕೆ ಬರಬಹುದು. ಪಡುವಣ ಬಿಸಿಲು ಬೇರೆ ಜಾತಿಯದು. ಹೊತ್ತು ಮುಳುಗುವ ಮುಂಚಿನ ಒಂದೆರಡು ಗಂಟೆ ಸೂರ್ಯ ತೀರ ಕೆಳಗಿರುತ್ತಾನೆ. ಸೂರ್ಯ 30 ಡಿಗ್ರಿ ಎತ್ತರದಲ್ಲಿದ್ದಾಗ ಕಿಟಕಿ ಮೇಲಿನ 60 ಸೆಂಟಿಮೀಟರ್ ಸಜ್ಜಾ ಬರೀ 35 ಸೆಂಟಿಮೀಟರ್ ನೆರಳು ಕೊಡುತ್ತದೆ. ಕಿಟಕಿಯ ಉಳಿದ ಭಾಗಕ್ಕೆಲ್ಲ ನೇರ ಬಿಸಿಲು. ಸೂರ್ಯ ಇನ್ನೂ ಇಳಿದರೆ ಆ ನೆರಳೂ ಇಲ್ಲ. ಆದ್ದರಿಂದ ಆ ಕಡೆಗೆ ಕಾರು ನಿಲ್ಲಿಸುವ ಜಾಗ, ಉಗ್ರಾಣ, ಮೆಟ್ಟಿಲು, ಬಚ್ಚಲು ಬರಲಿ. ಮಲಗುವ ಕೋಣೆ ಬರಲೇಬೇಕಾದರೆ ಕಿಟಕಿ ಸಣ್ಣದಿರಲಿ, ನೆರಳಿನ ಪರದೆ ಗಾಜಿನ ಹೊರಗೆ ಇರಲಿ. ಒಳಗೆ ಪರದೆ ಎಳೆಯುವ ಹೊತ್ತಿಗೆ ಬಿಸಿ ಒಳಗೆ ಬಂದಾಗಿರುತ್ತದೆ. ಚಳಿ ಜಾಸ್ತಿ ಇರುವ ಕಡೆ ಲೆಕ್ಕ ಬೇರೆ. ಅಲ್ಲಿ ಮಧ್ಯಾಹ್ನದ ಸೂರ್ಯ ಇರುವ ದಿಕ್ಕಿಗೆ, ಅಂದರೆ ಉತ್ತರ ಗೋಳಾರ್ಧದಲ್ಲಿ ದಕ್ಷಿಣಕ್ಕೆ, ದಕ್ಷಿಣ ಗೋಳಾರ್ಧದಲ್ಲಿ ಉತ್ತರಕ್ಕೆ, ದೊಡ್ಡ ಕಿಟಕಿ ಇದ್ದರೆ ಲಾಭ.

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಮಾದರಿ ಮನೆಯ ನಕ್ಷೆಯನ್ನು ಎಡಬಲ ಅದಲುಬದಲು ಮಾಡಿ ಕಟ್ಟಿಸಿಕೊಳ್ಳಬಹುದು. ಕನ್ನಡಿಯಲ್ಲಿ ಕಂಡ ಹಾಗೆ. ಹೆಚ್ಚಿನ ಬಡಾವಣೆಗಳಲ್ಲಿ ಇದಕ್ಕೆ ಒಪ್ಪುತ್ತಾರೆ, ಆದರೆ ಕೇಳಿದರೆ ಮಾತ್ರ. ಈ ಒಂದು ತಿರುವಿನಿಂದ ಪಡುವಣದ ಮಲಗುವ ಕೋಣೆ ಮೂಡಣಕ್ಕೆ ಹೋಗುತ್ತದೆ, ಕಾರಿನ ಜಾಗ ಸೈಟಿನ ಎತ್ತರದ ಕಡೆಯಿಂದ ತಗ್ಗಿನ ಕಡೆಗೆ ಬರುತ್ತದೆ, ಪಕ್ಕದ ಮನೆಯ ಕಿಟಕಿಗೆ ನಿಮ್ಮ ಕಿಟಕಿ ಎದುರಾಗುವುದು ತಪ್ಪುತ್ತದೆ. ಒಪ್ಪಿದರೆ ಮಾತಿನಲ್ಲಿ ಬಿಡಬೇಡಿ. ತಿರುಗಿಸಿದ ನಕ್ಷೆಯನ್ನೇ ಬಿಡಿಸಿ, ಸೈಟಿನ ನಂಬರ್ ಹಾಕಿ, ಕರಾರಿಗೆ ಲಗತ್ತಿಸಬೇಕು.

ಪಕ್ಕದ ಖಾಲಿ ಸೈಟಿನಲ್ಲಿ ನಾಳೆ ಏಳುವ ಮನೆಯನ್ನೂ ಈಗಲೇ ಮನಸ್ಸಿನಲ್ಲಿ ಕಟ್ಟಿ ನೋಡಿ. ಏಳು ಮೀಟರ್ ಎತ್ತರದ ಮನೆ, ಸೂರ್ಯ 30 ಡಿಗ್ರಿ ಇದ್ದಾಗ ಸುಮಾರು 12 ಮೀಟರ್ ಉದ್ದ ನೆರಳು ಚೆಲ್ಲುತ್ತದೆ. ಪಕ್ಕದ ಸೈಟ್ ನಿಮ್ಮದಕ್ಕಿಂತ ಒಂದೆರಡು ಮೀಟರ್ ಎತ್ತರದಲ್ಲಿದ್ದರೆ ನೆರಳು ಇನ್ನೂ ಉದ್ದ, ಅವರ ಮಹಡಿಯಿಂದ ನಿಮ್ಮ ಹಿತ್ತಲು ಪೂರ್ತಿ ಕಾಣುತ್ತದೆ. ನಡುವೆ ತಡೆಗೋಡೆ ಇದ್ದರೆ ಅದರಲ್ಲಿ ನೀರು ಹೊರಬರುವ ತೂತುಗಳಿವೆಯಾ, ಗೋಡೆ ವಾಲಿದೆಯಾ, ರಿಪೇರಿ ಯಾರ ಜವಾಬ್ದಾರಿ ಅಂತ ನೋಡಿ. ವಾಲಿದ ತಡೆಗೋಡೆ ಸರಿಪಡಿಸುವುದು ದುಬಾರಿ ಕೆಲಸ.

ಮೂಲೆ ಸೈಟ್ ಬಗ್ಗೆ. ಎಲ್ಲರಿಗೂ ಅದರ ಮೇಲೆ ಕಣ್ಣು, ಬೆಲೆಯೂ ಜಾಸ್ತಿ ಹೇಳುತ್ತಾರೆ. ಎರಡು ಕಡೆ ಗಾಳಿ ಬೆಳಕು ಬರುತ್ತದೆ, ಅದು ನಿಜವಾದ ಲಾಭ. ಆದರೆ ಬಹಳ ಕಡೆ ನಿಯಮಗಳು ರಸ್ತೆ ಇರುವ ಎರಡೂ ಬದಿಗೆ ಜಾಸ್ತಿ ಜಾಗ ಬಿಡಬೇಕು ಅನ್ನುತ್ತವೆ. 12 ಮೀಟರ್ ಅಗಲ, 18 ಮೀಟರ್ ಉದ್ದದ ಸೈಟ್ ಅಂದುಕೊಳ್ಳಿ. ಹಿಂದೆ ಮುಂದೆ ಮೂರು ಮೀಟರ್, ಪಕ್ಕಗಳಲ್ಲಿ ಒಂದೂವರೆ ಬಿಟ್ಟರೆ ಕಟ್ಟಲು ಸಿಗುವುದು 9 ಗುಣಿಸು 12, ಅಂದರೆ 108 ಚದರ ಮೀಟರ್. ಅದೇ ಮೂಲೆಯಲ್ಲಿದ್ದು ಒಂದು ಪಕ್ಕಕ್ಕೂ ಮೂರು ಮೀಟರ್ ಬಿಡಬೇಕಾದರೆ 90ಕ್ಕೆ ಇಳಿಯುತ್ತದೆ. ಆರರಲ್ಲಿ ಒಂದು ಪಾಲು ಹೋಯಿತು. ನಿಮಗೆ ಹಿಡಿಸಿದ ಮಾದರಿ ಆ ಅಗಲದಲ್ಲಿ ಕೂರುತ್ತದಾ ಅಂತ ಮೊದಲು ಕೇಳಿ. ಹೆಚ್ಚಿಗೆ ಕೊಟ್ಟು ಕೊಂಡ ಜಾಗದ ಒಂದು ಭಾಗ ದಾರಿಹೋಕರ ಎದುರಿನ ಹುಲ್ಲು ಪಟ್ಟಿಯಾಗಿ ಉಳಿಯುವುದೇ ಜಾಸ್ತಿ. ರಾತ್ರಿ ಹೋಗಿ ನಿಂತು, ತಿರುಗುವ ವಾಹನಗಳ ಹೆಡ್‌ಲೈಟ್ ಯಾವ ಕಿಟಕಿಗೆ ಹೊಡೆಯುತ್ತದೆ ಅಂತ ನೋಡಿ. ಎದುರಿನ ರಸ್ತೆ ನೇರ ಬಂದು ಮುಟ್ಟುವ ಸೈಟ್‌ಗೂ, ತಿರುವಿನ ಹೊರ ಅಂಚಿನ ಸೈಟ್‌ಗೂ ಇದೇ ಪಾಡು.

ಸದ್ದಿನ ಲೆಕ್ಕವೂ ತಿಳಿದಿರಲಿ. ಹೆದ್ದಾರಿಯಂಥ ಬಿಡುವಿಲ್ಲದ ರಸ್ತೆಯಿಂದ ದೂರ ಎರಡರಷ್ಟಾದರೆ ಸದ್ದು ಸುಮಾರು 3 ಡೆಸಿಬಲ್ ಇಳಿಯುತ್ತದೆ, ಅಷ್ಟೇ. ಕಿವಿಗೆ ಅರ್ಧ ಅನ್ನಿಸಬೇಕಾದರೆ 10 ಡೆಸಿಬಲ್ ಇಳಿಯಬೇಕು. ಆದ್ದರಿಂದ ಎರಡು ಸಾಲು ಒಳಗಿದ್ದರೆ ಸದ್ದಿಲ್ಲ ಅನ್ನುವುದು ನಂಬುವ ಮಾತಲ್ಲ. ಒಂದು ಸಾಲು ಗಿಡ ನೆಟ್ಟರೂ ಸದ್ದು ಅಷ್ಟೇನೂ ಇಳಿಯುವುದಿಲ್ಲ. ರಸ್ತೆ ಕಾಣದಂತೆ ಮರೆ ಮಾಡುವ ಗಟ್ಟಿ ಗೋಡೆ ಇದ್ದರೆ 5 ಡೆಸಿಬಲ್ ಆಸುಪಾಸು ಇಳಿಯುತ್ತದೆ. ಟ್ರಾನ್ಸ್‌ಫಾರ್ಮರ್ ಪಕ್ಕದ ಸೈಟ್ ಆದರೆ ರಾತ್ರಿ ಹೋಗಿ ಕಿವಿಗೊಡಿ. ಅದರ ಗುಂಯ್‌ಗುಡುವ ಸದ್ದು ಹಗಲು ಗೊತ್ತಾಗುವುದಿಲ್ಲ, ಮಲಗಿದಾಗ ಬಿಡುವುದಿಲ್ಲ.

ಬಡಾವಣೆಯ ನಕ್ಷೆಯಲ್ಲಿ ಬಿಳಿಯಾಗಿ ಬಿಟ್ಟ ಜಾಗಗಳನ್ನು ಬೆರಳಿಟ್ಟು ಕೇಳಿ. ‘ಮುಂದಿನ ಅಭಿವೃದ್ಧಿಗೆ’ ಅಂತ ಬರೆದಿದ್ದರೆ ಅದು ಪಾರ್ಕ್ ಅಲ್ಲ. ಅಲ್ಲಿ ಅಂಗಡಿ ಸಾಲು, ಎತ್ತರದ ಕಟ್ಟಡ ಏನು ಬೇಕಾದರೂ ಬರಬಹುದು. ಸರಹದ್ದಿನಲ್ಲಿ ಥಟ್ಟನೆ ನಿಂತುಹೋದ ರಸ್ತೆ ಕಂಡರೆ ಅದು ಮುಂದುವರಿಯಲೆಂದೇ ಬಿಟ್ಟದ್ದು. ಇವತ್ತು ಮಕ್ಕಳು ಆಡುವಷ್ಟು ಶಾಂತವಾಗಿರುವ ಆ ಕೊನೆ ನಾಳೆ ಎರಡು ಬಡಾವಣೆಗಳ ನಡುವಿನ ದಾರಿ ಆಗುತ್ತದೆ. ಮುಂದಿನ ಹಂತದ ಕೆಲಸದ ಲಾರಿಗಳು ಯಾವ ರಸ್ತೆಯಲ್ಲಿ ಓಡಾಡುತ್ತವೆ ಅಂತಲೂ ಕೇಳಿಕೊಳ್ಳಿ. ಆ ಧೂಳು ವರ್ಷಗಟ್ಟಲೆ ಇರಬಹುದು. ಸೈಟಿನ ಒಳಗೆ ಪೈಪ್ ಅಥವಾ ವಿದ್ಯುತ್ ಲೈನಿಗೆ ಬಿಟ್ಟ ಪಟ್ಟಿ ಇದ್ದರೆ ಅದರ ಮೇಲೆ ಏನೂ ಕಟ್ಟುವ ಹಾಗಿಲ್ಲ. ಅಂಗಳದಲ್ಲಿ ಒಳ್ಳೆಯ ಹಳೇ ಮರ ಇದ್ದು ಅದಕ್ಕಾಗಿಯೇ ಆ ಸೈಟ್ ಇಷ್ಟವಾಗಿದ್ದರೆ, ಕಾಂಡದ ವ್ಯಾಸದ 12 ಪಟ್ಟು ದೂರದವರೆಗೆ ಸುತ್ತ ಅಗೆಯಬಾರದು, ಮಣ್ಣು ತುಂಬಬಾರದು. ಅಷ್ಟು ಜಾಗ ಬಿಡಲಾಗದಿದ್ದರೆ ಮರ ಕೆಲವೇ ವರ್ಷದಲ್ಲಿ ಒಣಗುವ ಸಾಧ್ಯತೆ ದೊಡ್ಡದು.

ಅಳತೆಯನ್ನು ನೀವೇ ಪರೀಕ್ಷಿಸಿ. ನಾಲ್ಕು ಬದಿ ಅಳೆದರೆ ಸಾಲದು, ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. 30ಕ್ಕೆ 40 ಅಡಿ ಸೈಟ್ ಆದರೆ ಎರಡೂ ಸರಿಯಾಗಿ 50 ಅಡಿ ಬರಬೇಕು. ಒಂದು 48, ಇನ್ನೊಂದು 52 ಹತ್ತಿರ ಬಂದರೆ ಬದಿಗಳೆಲ್ಲ ಸರಿಯಿದ್ದರೂ ಸೈಟ್ ಓರೆಯಾಗಿದೆ. ಚೌಕದ ಮಾದರಿ ಮನೆ ಅದರಲ್ಲಿ ಕೂರುವಾಗ ಪಕ್ಕದ ಜಾಗ ತಿನ್ನುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ನಾನು ನಿಮ್ಮ ಜಾಗದಲ್ಲಿದ್ದರೆ ಮಧ್ಯದ ಸಾಲಿನ ಸೈಟಿಗೇ ಹೋಗುತ್ತಿದ್ದೆ. ಲೆವೆಲ್ ನಕ್ಷೆಯಲ್ಲಿ ಅದು ರಸ್ತೆಗಿಂತ ಎತ್ತರ ಇದೆ, ತುಂಬಿದ ಮಣ್ಣು ಕಡಿಮೆ ಇದೆ ಅಂತ ಖಾತ್ರಿಯಾದರೆ. ವಿಶೇಷ ಏನಿಲ್ಲ ಅನ್ನುವುದು ಸೈಟಿಗೆ ಒಳ್ಳೆಯ ಗುಣ. ಮೂಲೆ ಸೈಟ್ ಎರಡನೆಯದು, ನಿಮ್ಮ ಮಾದರಿ ಅದರಲ್ಲಿ ಕೂತರೆ ಮತ್ತು ಹೆಚ್ಚಿನ ಬೆಲೆ ಬಿಡಿಸಲು ಆದರೆ. ಹೊಂಡದ ಪಕ್ಕದ್ದನ್ನು ಆ ಮೂರು ಅಂಕಿಗಳು ಕಾಗದದಲ್ಲಿ ಕೈಗೆ ಬರುವವರೆಗೆ ಯೋಚನೆಗೂ ತೆಗೆದುಕೊಳ್ಳಬೇಡಿ. ನೋಟ ಎಷ್ಟೇ ಚೆನ್ನಾಗಿರಲಿ.

ಇನ್ನು ಮನೆ. ಮಾದರಿ ಮನೆಯಲ್ಲಿ ಎಲ್ಲ ದೀಪ ಉರಿಯುತ್ತಿರುತ್ತವೆ, ಕೆಲವು ಕಡೆ ಒಳಬಾಗಿಲು ತೆಗೆದಿಟ್ಟಿರುತ್ತಾರೆ, ಮಂಚ ಸೋಫಾಗಳು ಮಾಮೂಲಿಗಿಂತ ಚಿಕ್ಕವಿರಬಹುದು. ನಿಮ್ಮ ಮಂಚ, ಬೀರು, ಊಟದ ಮೇಜಿನ ಅಳತೆ ಬರೆದುಕೊಂಡು ಹೋಗಿ. ದೀಪ ಆರಿಸಿ ನೋಡಿ. ಮೆಟ್ಟಿಲನ್ನು ಅಳೆಯಿರಿ. ಒಂದು ಮೆಟ್ಟಿಲಿನ ಎತ್ತರದ ಎರಡರಷ್ಟಕ್ಕೆ, ಕಾಲಿಡುವ ಜಾಗದ ಮುಂದಿನಿಂದ ಹಿಂದಿನವರೆಗಿನ ಅಳತೆ ಕೂಡಿಸಿದರೆ 60ರಿಂದ 65 ಸೆಂಟಿಮೀಟರ್ ಬರಬೇಕು. ಫ್ರಾನ್ಸಿನ ವಾಸ್ತುಶಿಲ್ಪಿ ಬ್ಲೊಂಡೆಲ್ 17ನೇ ಶತಮಾನದಲ್ಲಿ ಕೊಟ್ಟ ಸೂತ್ರ ಇದು, ಈಗಲೂ ಕಾಲು ಅದನ್ನೇ ಒಪ್ಪುತ್ತದೆ. ಕೆಳಗಿನ ಅಂತಸ್ತಿನಲ್ಲಿ ಒಂದು ಮಲಗುವ ಕೋಣೆ, ಒಂದು ಪೂರ್ತಿ ಬಚ್ಚಲು ಇರಲಿ, ಬಾಗಿಲು ತೆರೆದಾಗ ಕನಿಷ್ಠ 80 ಸೆಂಟಿಮೀಟರ್ ಜಾಗ ಸಿಗಲಿ. ಕಾಲು ಮುರಿದುಕೊಂಡಾಗ, ವಯಸ್ಸಾದಾಗ ಅದರ ಬೆಲೆ ತಿಳಿಯುತ್ತದೆ.

ಹೆಚ್ಚುವರಿಗಳ ವಿಷಯದಲ್ಲಿ ನನ್ನ ಅಳತೆಗೋಲು ಸರಳ. ಗೋಡೆ, ನೆಲ, ಚಾವಣಿಯ ಒಳಗೆ ಮುಚ್ಚಿಹೋಗುವುದಕ್ಕೆ ಈಗಲೇ ದುಡ್ಡು ಹಾಕಿ. ಹೊರಗೆ ಕಾಣುವುದನ್ನು ಆಮೇಲೆ ಮಾಡಿಸಿ. ಬಚ್ಚಲು ಮತ್ತು ತಾರಸಿಯ ನೀರು ತಡೆ ಲೇಪ, ಚಾವಣಿಗೆ ಬಿಸಿ ತಡೆ, ದೊಡ್ಡ ವಿದ್ಯುತ್ ಫಲಕ, ಮುಂದೆ ಸೋಲಾರ್‌ಗೆ ಮತ್ತು ಕಾರ್ ಚಾರ್ಜರ್‌ಗೆ ಬೇಕಾಗುವ ಖಾಲಿ ಕೊಳವೆ, ಇನ್ನಷ್ಟು ಪ್ಲಗ್ ಪಾಯಿಂಟ್, ಹೊರಗಡೆ ಎರಡು ನಲ್ಲಿ. ಇವೆಲ್ಲ ಈಗ ಅಗ್ಗ, ನಾಳೆ ಒಡೆದು ಹಾಕಿಸುವುದು ದುಬಾರಿ. ಟೈಲ್ಸ್ ಬಣ್ಣ, ಅಡುಗೆಮನೆ ಕಪಾಟಿನ ಬಾಗಿಲು, ಅಲಂಕಾರದ ದೀಪ, ಇವುಗಳಿಗೆ ಮಾದರಿ ಮನೆಯವರು ಹೇಳುವ ದರ ಹೊರಗಿನದಕ್ಕಿಂತ ಸಾಮಾನ್ಯವಾಗಿ ಜಾಸ್ತಿ. ವಾಸಕ್ಕೆ ಹೋದ ಮೇಲೆ ನಿಧಾನವಾಗಿ ಮಾಡಿಸಿದರೂ ನಷ್ಟವಿಲ್ಲ.

ಕರಾರಿಗೆ ಸಹಿ ಹಾಕುವ ಮುಂಚೆ ಮನೆಯ ನೆಲದ ಮಟ್ಟವನ್ನು ಅಂಕಿಯಲ್ಲೇ ಬರೆಸಿ. ಬಿಲ್ಡರ್‌ಗೆ ಸಂಬಂಧವಿಲ್ಲದ ಎಂಜಿನಿಯರ್ ಒಬ್ಬರು ಎರಡು ಹಂತದಲ್ಲಿ ಬಂದು ನೋಡಲು ಅವಕಾಶ ಇರಬೇಕು ಅಂತಲೂ ಬರೆಸಿ: ಅಡಿಪಾಯಕ್ಕೆ ಕಾಂಕ್ರೀಟ್ ಹಾಕುವ ಮುಂಚೆ, ಗೋಡೆಗೆ ಪ್ಲಾಸ್ಟರ್ ಬೀಳುವ ಮುಂಚೆ. ಆ ಎರಡನೇ ದಿನ ನೀವೂ ಹೋಗಿ. ಪ್ರತಿ ಗೋಡೆಯ ಪೈಪು, ವೈರುಗಳ ಪಕ್ಕ ಅಳತೆಪಟ್ಟಿ ಹಿಡಿದು ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಮೊಳೆ ಹೊಡೆಯುವಾಗ, ಸೋರುವ ಪೈಪ್ ಹುಡುಕುವಾಗ ಅವು ಬೇಕಾಗುತ್ತವೆ.